ರಹೀಮ್ ಮಾಸ್ತರರ ಹನ್ನೊಂದು ಮಂದಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಊರುಗಳ ಸುತ್ತಿನ ಹಳ್ಳಿಗಳಲ್ಲಿ ಆಟವೆಂದರೆ ಮೊದಲು ಕುಸ್ತಿ, ಉಳಿದದ್ದೆಲ್ಲ ಆಮೇಲೆ. ಜಾತ್ರೆಯಿರಲಿ ಉರುಸಿರಲಿ, ತೇರು ಎಳೆದಾದ ಮೇಲೆ ಇಲ್ಲವೆ ಗಂಧ ಏರಿಸಿಯಾದ ಮೇಲೆ ಕೆಮ್ಮಣ್ಣಿನ ಕಣ ಸಿದ್ಧವಾಗಲೇಬೇಕು, ಹಲಗಿ ಬಡಿಯಲೇಬೇಕು. ಆ ಕಣದಲ್ಲಿ ಗೆದ್ದ ಹುಡುಗನನ್ನು ಹೆಗಲ ಮೇಲೆ ಹೊತ್ತು ತಿರುಗುವಾಗ ಸುತ್ತ ನಿಂತ ಹಿರಿಯರು ಕೇಳುವ ಮೊದಲ ಮಾತು ‘ಯಾರ ಮಗ’ ಎಂಬುದಲ್ಲ, ‘ಯಾವ ಗರಡಿ, ವಸ್ತಾದ ಯಾರು’ ಎಂಬುದು. ಉರ್ದುವಿನ ಉಸ್ತಾದ್ ನಮ್ಮ ಸೀಮೆಯ ಕನ್ನಡದಲ್ಲಿ ವಸ್ತಾದನಾಗಿ, ಗರಡಿಯ ಮಣ್ಣಿನಲ್ಲಿ ಬೆರೆತುಹೋಗಿದ್ದಾನೆ. ಲಿಂಗಾಯತರ ಹುಡುಗನಿಗೆ ಮುಸಲ್ಮಾನ ವಸ್ತಾದ, ಮುಸಲ್ಮಾನರ ಹುಡುಗನಿಗೆ ಕುರುಬರ ವಸ್ತಾದ ಇದ್ದರೆ ಅದು ನಮ್ಮ ಕಡೆ ಸುದ್ದಿಯೇ ಅಲ್ಲ.

ವಿಚಿತ್ರವೆಂದರೆ, ಇಬ್ಬರೇ ಆಡುವ ಕುಸ್ತಿಯಲ್ಲಿ ವಸ್ತಾದನನ್ನು ಕೇಳುವ ನಾವು ಹನ್ನೊಂದು ಜನ ಆಡುವ ಫುಟ್‌ಬಾಲಿನಲ್ಲಿ ಅವನನ್ನು ಕೇಳುವುದಿಲ್ಲ. 2022ರ ಡಿಸೆಂಬರಿನಲ್ಲಿ ಕತಾರಿನಲ್ಲಿ ಅರ್ಜೆಂಟೀನಾ ಗೆದ್ದಾಗ ನಮ್ಮ ಚಹಾದಂಗಡಿಗಳಲ್ಲಿ ಕೇಳಿಬಂದ ಮಾತು ‘ಮೆಸ್ಸಿ ಗೆದ್ದ’ ಎಂಬುದೊಂದೇ. ಸೌದಿ ಅರೇಬಿಯಾದ ಎದುರು ಮೊದಲ ಪಂದ್ಯವನ್ನೇ ಸೋತ ತಂಡದಲ್ಲಿ ಯಾರನ್ನು ಹೊರಗಿಟ್ಟು ಯಾರನ್ನು ಒಳತಂದು, ಆ ಒಬ್ಬ ಮೆಸ್ಸಿಗಾಗಿ ಉಳಿದ ಹತ್ತು ಜನ ಎಷ್ಟು ಓಡಬೇಕೆಂದು ಲೆಕ್ಕ ಹಾಕಿದವನು ಸ್ಕಲೋನಿ ಎಂಬ ತರಬೇತುದಾರ. ಆ ಹೆಸರು ನಮ್ಮ ಬಾಯಿಗೆ ಬರಲಿಲ್ಲ. ತಾರೆಯನ್ನು ನಂಬಬೇಕೋ ತಂತ್ರವನ್ನು ನಂಬಬೇಕೋ ಎಂಬ ವಾದ ಫುಟ್‌ಬಾಲ್ ಇರುವ ಎಲ್ಲ ದೇಶಗಳಲ್ಲೂ ನಡೆಯುತ್ತಲೇ ಇರುತ್ತದೆ. ಆ ವಾದಕ್ಕೆ ನಮ್ಮ ದೇಶದ್ದೇ ಆದ ಒಂದು ಚರಿತ್ರೆಯಿದೆ. ಅದರ ಕೇಂದ್ರದಲ್ಲಿರುವವರು ಹೈದರಾಬಾದಿನ ಒಬ್ಬ ಶಾಲಾ ಮಾಸ್ತರರು, ಸೈಯದ್ ಅಬ್ದುಲ್ ರಹೀಮ್.

2024ರಲ್ಲಿ ಬಂದ ‘ಮೈದಾನ್’ ಹಿಂದಿ ಚಿತ್ರದಿಂದಾಗಿ ಈ ಹೆಸರು ಹೊಸ ಹುಡುಗರಿಗೂ ಪರಿಚಯವಾಗಿದೆ. ಒಳ್ಳೆಯದೇ ಆಯಿತು. ಆದರೆ ಸಿನಿಮಾಕ್ಕೆ ಒಬ್ಬ ನಾಯಕ ಬೇಕು, ಅವನಿಗೆ ಕೆಲವು ವೈರಿಗಳು ಬೇಕು, ಕೊನೆಯಲ್ಲೊಂದು ಗೆಲುವು ಬೇಕು. ರಹೀಮ್ ಸಾಹೇಬರ ನಿಜವಾದ ಕೆಲಸ ಇಂಥ ಕಟ್ಟಿಗೆ ಒಗ್ಗುವಂಥದ್ದಲ್ಲ. ಅದು ಶಾಲೆಯ ಮೈದಾನದಲ್ಲಿ ಸದ್ದಿಲ್ಲದೆ ನಡೆದ ಕೆಲಸ.

ಅವರು ಹುಟ್ಟಿದ್ದು 1909ರ ಆಗಸ್ಟ್ 17ರಂದು, ನಿಜಾಮರ ಹೈದರಾಬಾದಿನಲ್ಲಿ. ಉರ್ದು ಮಾಧ್ಯಮದಲ್ಲಿ ಉನ್ನತ ಶಿಕ್ಷಣ ಕೊಡಲೆಂದೇ 1918ರಲ್ಲಿ ಶುರುವಾಗಿದ್ದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು. ಕಾಚಿಗುಡದ ಮಿಡ್ಲ್ ಸ್ಕೂಲ್, ದಾರುಲ್ ಉಲೂಮ್ ಹೈಸ್ಕೂಲ್, ಚಾದರ್‌ಘಾಟ್ ಹೈಸ್ಕೂಲ್ ಹೀಗೆ ಹಲವು ಶಾಲೆಗಳಲ್ಲಿ ಪಾಠ ಹೇಳಿದರು. ನಡುವೆ ದೈಹಿಕ ಶಿಕ್ಷಣದಲ್ಲೂ ತರಬೇತಿ ಪಡೆದರು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. 1950ರಿಂದ ಹೈದರಾಬಾದ್ ಸಿಟಿ ಪೊಲೀಸ್ ತಂಡ ಅವರ ಕೈಗೆ ಬಂತು. ಆ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಸಾಲಾಗಿ ಐದು ಸಲ ಗೆದ್ದಿತು. ಆಗ ನಮ್ಮ ಈ ತಾಲೂಕುಗಳೆಲ್ಲ ಮುಂಬಯಿ ರಾಜ್ಯದಲ್ಲೇ ಇದ್ದವು. ನಮ್ಮವರು ಕೂಲಿಗೆ, ಗಿರಣಿಗೆ, ಕೋರ್ಟಿಗೆ ಹೋಗುತ್ತಿದ್ದ ಅದೇ ಮುಂಬಯಿಯ ಕೂಪರೇಜ್ ಮೈದಾನದಲ್ಲಿ ಹೈದರಾಬಾದಿನ ಪೊಲೀಸರು ವರ್ಷ ವರ್ಷವೂ ಬಂದು ಕಪ್ ಒಯ್ಯುತ್ತಿದ್ದರು.

ಅದಕ್ಕೂ ಮುಂಚೆ ಆ ಕಪ್ಪಿಗೂ ಕನ್ನಡ ನಾಡಿಗೂ ಒಂದು ನಂಟಿತ್ತು. ಬ್ರಿಟಿಷ್ ಪಲ್ಟನ್ನುಗಳು ತಮ್ಮ ಆಸ್ತಿಯೆಂದೇ ತಿಳಿದಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಮೊದಲ ಸಲ ಗೆದ್ದ ಭಾರತೀಯ ತಂಡ ‘ಬೆಂಗಳೂರು ಮುಸ್ಲಿಮ್ಸ್’. ಅಂತಿಮ ಪಂದ್ಯದಲ್ಲಿ ಅದು ಸೋಲಿಸಿದ್ದು ಕಲಕತ್ತೆಯ ಹೆಸರಾಂತ ಮೊಹಮ್ಮಡನ್ ಸ್ಪೋರ್ಟಿಂಗನ್ನು. ಮಾರನೆಯ ವರ್ಷವೂ ಗೆದ್ದರು, 1948ರಲ್ಲಿ ಮತ್ತೊಮ್ಮೆ ಗೆದ್ದರು. ದಂಡು ಪ್ರದೇಶದ ಮೈದಾನಗಳಲ್ಲಿ ಗೋರಾ ಸಿಪಾಯಿಗಳ ಆಟ ನೋಡಿ ನೋಡಿ ಕಲಿತ ಬಡ ಮನೆಗಳ ಹುಡುಗರೇ ಬೆಂಗಳೂರಿನ ಫುಟ್‌ಬಾಲಿನ ಬೇರು. ತಮಿಳರು, ಉರ್ದು ಮಾತಿನವರು, ಕನ್ನಡಿಗರು ಅಲ್ಲಿ ಒಂದೇ ಚೆಂಡಿನ ಹಿಂದೆ ಓಡಿದರು. 1948ರ ಲಂಡನ್ ಒಲಿಂಪಿಕ್ಸಿಗೆ ಹೋದ ಸ್ವತಂತ್ರ ಭಾರತದ ಮೊದಲ ತಂಡದಲ್ಲಿ ಅಹಮದ್ ಖಾನ್, ಸಾರಂಗಪಾಣಿ ರಾಮನ್, ಧನರಾಜ್, ವರದರಾಜ್ ಇವರೆಲ್ಲ ಬೆಂಗಳೂರಿನವರು. ಫ್ರಾನ್ಸ್ ಎದುರು ಭಾರತ 1-2ರಲ್ಲಿ ಸೋತ ಆ ಪಂದ್ಯದಲ್ಲಿ ಒಲಿಂಪಿಕ್ಸಿನ ನಮ್ಮ ಮೊದಲ ಗೋಲು ಹೊಡೆದವರು ಇದೇ ರಾಮನ್. ಹನ್ನೊಂದು ಜನರಲ್ಲಿ ಹೆಚ್ಚಿನವರು ಬರಿಗಾಲಲ್ಲಿದ್ದರು. ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು ಸೋತದ್ದು ಬೇರೆ ಮಾತು.

ಬರಿಗಾಲ ಆಟದ ಈ ಸೊಗಸನ್ನು ಕುರಿತು ಎರಡು ಮಾತು ಹೇಳಬೇಕು. ಅಹಮದ್ ಖಾನರನ್ನು ಜನ ‘ಹಾವಾಡಿಗ’ ಎಂದು ಕರೆಯುತ್ತಿದ್ದರು. ಚೆಂಡು ಅವರ ಕಾಲ ಬೆರಳುಗಳ ಮಾತು ಕೇಳುತ್ತಿತ್ತು. ಕಲಕತ್ತೆಯ ಈಸ್ಟ್ ಬೆಂಗಾಲಿನಲ್ಲಿ ಅವರು, ಧನರಾಜ್, ವೆಂಕಟೇಶ್, ಅಪ್ಪಾರಾವ್, ಸಾಲೆ ಈ ಐವರನ್ನು ಅಲ್ಲಿಯ ಜನ ‘ಪಂಚಪಾಂಡವರು’ ಎಂದೇ ಮೆರೆಸಿದರು. ಆ ಐವರ ಮುನ್ನುಗ್ಗುವ ಸಾಲಿನಲ್ಲಿ ಬಂಗಾಳಿಗಳಿರಲಿಲ್ಲ, ಎಲ್ಲರೂ ದಕ್ಷಿಣದವರು. ಒಬ್ಬ ಸಾಲೆ ಎಂಬ ಮುಸಲ್ಮಾನ, ಒಬ್ಬ ಅಹಮದ್ ಎಂಬ ಮುಸಲ್ಮಾನ ಸೇರಿದ ಗುಂಪಿಗೆ ದೇಶ ಒಡೆದ ಎರಡು ಮೂರು ವರ್ಷಗಳಲ್ಲೇ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಹಿಂದೂಗಳು ಪಾಂಡವರೆಂದು ಹೆಸರಿಟ್ಟರು. ಇದನ್ನು ನಾವು ಸುಮ್ಮನೆ ದಾಟಿಹೋಗಬಾರದು.

1951ರ ಮಾರ್ಚಿನಲ್ಲಿ ದಿಲ್ಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆದಾಗ ಭಾರತದ ತಂಡಕ್ಕೆ ರಹೀಮರು ತರಬೇತುದಾರರು. ಫೈನಲಿನಲ್ಲಿ ಇರಾನ್ ಎದುರು ಮೇವಾಲಾಲರ ಒಂದೇ ಗೋಲಿನಿಂದ ಚಿನ್ನ ಸಿಕ್ಕಿತು. ಇದಾದ ಹದಿನಾರು ತಿಂಗಳಿಗೆ, 1952ರ ಜುಲೈಯಲ್ಲಿ, ಹೆಲ್ಸಿಂಕಿಯ ಚಳಿಯಲ್ಲಿ ಇದೇ ತಾರೆಯರ ತಂಡ ಯುಗೋಸ್ಲಾವಿಯಾದ ಎದುರು 1-10ರಲ್ಲಿ ಸೋತಿತು. ಹತ್ತು ಗೋಲು! ನಮ್ಮ ಕಡೆಯ ಆ ಒಂದು ಗೋಲೂ ಅಹಮದ್ ಖಾನರದು. ಈ ಸೋಲಿನ ಬಳಿಕ ಬೂಟು ಕಡ್ಡಾಯವಾಯಿತು ಎಂಬುದನ್ನು ಎಲ್ಲರೂ ಬರೆಯುತ್ತಾರೆ. ಬೂಟಿನ ಕಥೆ ಹೇಳುವುದು ಸುಲಭ, ಬೂಟು ಕಣ್ಣಿಗೆ ಕಾಣುತ್ತದೆ. ಕಣ್ಣಿಗೆ ಕಾಣದಿದ್ದದ್ದು ಮೈದಾನದಲ್ಲಿ ಆಟಗಾರರು ನಿಂತ ರೀತಿ. ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು ನಿಲ್ಲುವ ಹಳೆಯ ಪದ್ಧತಿ ನಮ್ಮದು. ಯುರೋಪು ಹಿಂದಿನ ಸಾಲಿಗೆ ಮೂರನೆಯವನನ್ನು ಇಳಿಸಿ ಎಷ್ಟೋ ಕಾಲವಾಗಿತ್ತು. ಐದು ಜನ ಕಲಾವಿದರು ಮುಂದೆ ನಿಂತು ತಮ್ಮ ಸರದಿಗೆ ಕಾಯುತ್ತಿದ್ದರೆ ಹಿಂದಿನ ಇಬ್ಬರು ಬಡಪಾಯಿಗಳು ಪ್ರವಾಹಕ್ಕೆ ಕೈ ಅಡ್ಡ ಹಿಡಿದಂತೆ ನಿಂತಿದ್ದರು.

ಆ ಹತ್ತು ಗೋಲುಗಳನ್ನು ಕಣ್ಣಾರೆ ನೋಡಿದ ತರಬೇತುದಾರರೂ ರಹೀಮರೇ. ಅವರು ಮುಂದೆ ಮಾಡಿದ್ದನ್ನು ತಿಳಿಯಬೇಕಾದರೆ ಹೈದರಾಬಾದಿನಲ್ಲಿ ಅವರು ಮಕ್ಕಳಿಗಾಗಿ ನಡೆಸುತ್ತಿದ್ದ ಪಂದ್ಯಾವಳಿಗಳನ್ನು ನೋಡಬೇಕು. ಒಂದು ಪಂದ್ಯಾವಳಿಯಲ್ಲಿ ಡ್ರಿಬ್ಲಿಂಗ್ ಮಾಡುವಂತಿರಲಿಲ್ಲ. ಚೆಂಡು ಬಂದ ಕೂಡಲೆ ಜೊತೆಯವನಿಗೆ ದಾಟಿಸಬೇಕು, ಕಾಲಲ್ಲಿ ಇಟ್ಟುಕೊಂಡು ಮೆರೆದರೆ ತಪ್ಪು. ಇನ್ನೊಂದರಲ್ಲಿ ತನ್ನ ಬಲಹೀನ ಕಾಲಿನಿಂದಲೇ ಒದೆಯಬೇಕು. ಬಲಗಾಲಿನ ಹುಡುಗ ಎಡಗಾಲಲ್ಲಿ, ಎಡಗಾಲಿನವನು ಬಲಗಾಲಲ್ಲಿ. ಮತ್ತೊಂದು ಗಿಡ್ಡ ಹುಡುಗರಿಗಾಗಿಯೇ ಮೀಸಲಾದದ್ದು. ಮೈಕಟ್ಟಿನ ಹುಡುಗರ ನಡುವೆ ಕಾಲಡಿ ಸಿಕ್ಕಿ ಮರೆಯಾಗಿ ಹೋಗುವವರಿಗೂ ಚೆಂಡು ಸಿಗಬೇಕಲ್ಲ!

ಈ ಮೂರೂ ನಿಯಮಗಳು ಒಂದೇ ಕೆಲಸ ಮಾಡುತ್ತವೆ. ಹುಟ್ಟಾ ಜಾಣನಾದ ಹುಡುಗನ ಕೈಯಿಂದ ಅವನ ದೊಡ್ಡ ಆಯುಧವನ್ನು ಒಂದು ತಾಸಿನ ಮಟ್ಟಿಗೆ ಕಸಿದುಕೊಳ್ಳುತ್ತವೆ. ಆಗ ಅವನು ಬೇರೆಯವರ ಕಡೆ ನೋಡಲೇಬೇಕಾಗುತ್ತದೆ. ಅಷ್ಟು ದಿನ ಅವನ ನೆರಳಿನಲ್ಲಿದ್ದವನಿಗೆ ಚೆಂಡು ಬರುತ್ತದೆ. ಅಹಮದ್ ಖಾನರಂಥ ಹಾವಾಡಿಗರನ್ನು ರಹೀಮರು ದ್ವೇಷಿಸುತ್ತಿದ್ದರೆಂದು ಇದರಿಂದ ಯಾರೂ ತಿಳಿಯಬಾರದು. 1951ರಲ್ಲೂ 1952ರಲ್ಲೂ ಅಹಮದ್ ಅವರ ತಂಡದಲ್ಲಿದ್ದರು. ಡ್ರಿಬ್ಲಿಂಗ್ ಬೇಡವೆಂದದ್ದು ಮಕ್ಕಳಿಗೆ, ಅಹಮದ್ ಖಾನರಿಗಲ್ಲ. ಮೊದಲು ಪಾಸು ಕಲಿತವನಿಗೆ ಯಾವಾಗ ಡ್ರಿಬ್ಲಿಂಗ್ ಮಾಡಬೇಕೆಂಬುದು ತಾನಾಗಿ ತಿಳಿಯುತ್ತದೆ ಎಂಬುದು ಮಾಸ್ತರರ ಲೆಕ್ಕ.

ಇಲ್ಲಿ ನಮ್ಮ ಕಡೆಯ ಶಾಲೆಗಳ ಮಾತು ಬಾರದೆ ಇರದು. ತಾಲೂಕು ಮಟ್ಟದ ಕ್ರೀಡಾಕೂಟಕ್ಕೆ ತಂಡ ಆರಿಸುವಾಗ ನಡೆಯುವುದು ಎಲ್ಲರಿಗೂ ಗೊತ್ತು. ಎತ್ತರದ ನಾಲ್ಕು ಹುಡುಗರು ಓಟದಲ್ಲೂ ಅವರೇ, ಕಬಡ್ಡಿಯಲ್ಲೂ ಅವರೇ, ವಾಲಿಬಾಲಿನಲ್ಲೂ ಅವರೇ. ಉಳಿದ ನಲವತ್ತು ಮಕ್ಕಳು ಸುಣ್ಣದ ಗೆರೆಯ ಆಚೆ ಕುಳಿತು ಚಪ್ಪಾಳೆ ತಟ್ಟಬೇಕು. ಡ್ರಿಲ್ ಮಾಸ್ತರರನ್ನು ಬೈಯುವುದು ನ್ಯಾಯವಲ್ಲ. ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಎಲ್ಲವೂ ಅವರ ತಲೆಗೇ ಬೀಳುತ್ತವೆ. ಉಳಿದ ಸಮಯದಲ್ಲಿ ಶಾಲೆಗೊಂದು ಪದಕ ತರಬೇಕೆಂದರೆ ಎತ್ತರದ ನಾಲ್ಕು ಹುಡುಗರೇ ಗತಿ. ಕೆಲಸದ ಒತ್ತಡ ರಹೀಮರಿಗೂ ಇದ್ದಿರಬೇಕು. ಆದರೂ ಗಿಡ್ಡ ಹುಡುಗರಿಗೊಂದು ಪಂದ್ಯಾವಳಿ ಮಾಡಬೇಕೆಂದು ಅವರಿಗೆ ಹೊಳೆಯಿತು.

ಚರಿತ್ರೆಗೆ ಮರಳೋಣ. 1953ರ ನವೆಂಬರಿನಲ್ಲಿ ಹಂಗೆರಿ ಇಂಗ್ಲೆಂಡನ್ನು ಅದರ ಮನೆಯಂಗಳವಾದ ವೆಂಬ್ಲಿಯಲ್ಲಿ 6-3ರಿಂದ ಸೋಲಿಸಿದಾಗ ಫುಟ್‌ಬಾಲ್ ಜಗತ್ತು ಬೆಚ್ಚಿತು. ಹಂಗೆರಿಯ ಹಿಡೆಗ್ಕುಟಿ ಸೆಂಟರ್ ಫಾರ್ವರ್ಡಿನ ಅಂಗಿ ತೊಟ್ಟು ಮೈದಾನದ ನಡುವಿನಲ್ಲಿ ನಿಂತಿದ್ದ. ಅವನನ್ನು ಕಾಯಬೇಕಾದವನಿಗೆ ಅವನ ಹಿಂದೆ ಹೋಗಬೇಕೋ ತನ್ನ ಜಾಗದಲ್ಲೇ ನಿಲ್ಲಬೇಕೋ ತಿಳಿಯದೆ ಹೋಯಿತು. ಈ ಉಪಾಯದ ನೆರಳು 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ರಹೀಮರ ತಂಡದ ಮೇಲೆ ಬಿದ್ದಿತ್ತು. ಮುಂದಿನ ಸಾಲಿನವನೊಬ್ಬ ಹಿಂದೆ ಸರಿದು ಎದುರಾಳಿಯನ್ನು ತನ್ನೊಡನೆ ಎಳೆದುಕೊಳ್ಳುವುದು, ಅವನು ಬಿಟ್ಟ ಖಾಲಿ ಜಾಗಕ್ಕೆ ಇನ್ನೊಬ್ಬ ನುಗ್ಗುವುದು. ಎರಡು ವರ್ಷ ಕಳೆದು 1958ರಲ್ಲಿ ಬ್ರೆಜಿಲ್ ನಾಲ್ಕು-ಎರಡು-ನಾಲ್ಕರ ವ್ಯೂಹದಲ್ಲಿ ವಿಶ್ವಕಪ್ ಗೆದ್ದಿತು. ಮಾಸ್ತರರು ಆ ದಿಕ್ಕಿನಲ್ಲಿ ಮೊದಲೇ ಯೋಚಿಸುತ್ತಿದ್ದರೆಂದು ಅವರ ಶಿಷ್ಯರು ಹೇಳುತ್ತ ಬಂದಿದ್ದಾರೆ.

ಆ 1956ರ ನವೆಂಬರ್ ನಮ್ಮ ಸೀಮೆಗೂ ಮರೆಯಲಾಗದ ತಿಂಗಳು. ನವೆಂಬರ್ 1ರಂದು ಬೈಲಹೊಂಗಲ, ಸವದತ್ತಿ, ರಾಮದುರ್ಗಗಳು ಮುಂಬಯಿ ರಾಜ್ಯದಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಬಂದವು. ಅದೇ ದಿನ ರಹೀಮರ ಹೈದರಾಬಾದ್ ರಾಜ್ಯ ಎಂಬುದೇ ನಕಾಶೆಯಿಂದ ಅಳಿಸಿಹೋಯಿತು. ಅದರ ಬೀದರ, ಕಲಬುರಗಿ, ರಾಯಚೂರುಗಳು ನಮ್ಮೊಡನೆ ಸೇರಿದವು, ರಾಜಧಾನಿ ಆಂಧ್ರಪ್ರದೇಶದ ಪಾಲಾಯಿತು. ಇದಾಗಿ ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ರಹೀಮರ ತಂಡ ಮೆಲ್ಬರ್ನಿನಲ್ಲಿ ಆಸ್ಟ್ರೇಲಿಯಾವನ್ನು ಅದರದೇ ನೆಲದಲ್ಲಿ 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಏಷ್ಯಾದವನೊಬ್ಬ ಮೂರು ಗೋಲು ಹೊಡೆದದ್ದು ಅದೇ ಮೊದಲು. ಸೆಮಿಫೈನಲಿನಲ್ಲಿ ಮತ್ತೆ ಅದೇ ಯುಗೋಸ್ಲಾವಿಯಾ ಎದುರಾಯಿತು. ಈ ಸಲ ಮೊದಲ ಗೋಲು ನಮ್ಮದು, ಡಿಸೋಜಾ ಅವರದೇ. ಕೊನೆಗೆ 1-4ರಲ್ಲಿ ಸೋತೆವು, ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾಕ್ಕೂ 0-3ರಲ್ಲಿ ಮಣಿದೆವು. ನಾಲ್ಕನೆಯ ಸ್ಥಾನ. ಭಾರತದ ಫುಟ್‌ಬಾಲ್ ಒಲಿಂಪಿಕ್ಸಿನಲ್ಲಿ ಅದಕ್ಕಿಂತ ಮೇಲೆ ಏರಿದ್ದಿಲ್ಲ. ಬೆಂಗಳೂರಿನ ಕೆಂಪಯ್ಯ ಆ ತಂಡದಲ್ಲಿದ್ದರು ಎಂಬುದನ್ನು ಕನ್ನಡಿಗರು ನೆನಪಿಡಬೇಕು.

ಮೂರು ಜನ ದೊಡ್ಡ ತಾರೆಯರು ಇದೇ ಹೊತ್ತಿಗೆ ಬೆಳೆದು ನಿಂತರು. ಬಂಗಾಳದ ಪಿ.ಕೆ. ಬ್ಯಾನರ್ಜಿ ಮತ್ತು ಚುನಿ ಗೋಸ್ವಾಮಿ, ಸಿಕಂದರಾಬಾದಿನ ತುಳಸೀದಾಸ್ ಬಲರಾಮ್. ಬಲರಾಮ್ ತೀರ ಬಡ ಮನೆಯ ಹುಡುಗ. ಅಮ್ಮುಗುಡದಿಂದ ಹೈದರಾಬಾದಿನ ಮೈದಾನಕ್ಕೆ ದಿನಾ ಬರಲು ಸಾಧ್ಯವಿಲ್ಲವೆಂದಾಗ ಸೈಕಲ್ ಬಾಡಿಗೆಗೆ ಮಾಸ್ತರರೇ ಹಣ ಕೊಟ್ಟರೆಂದು ಬಲರಾಮ್ ಇಳಿವಯಸ್ಸಿನಲ್ಲೂ ನೆನೆಯುತ್ತಿದ್ದರು. ತಾರೆ ಆಕಾಶದಿಂದ ಉದುರುವುದಿಲ್ಲ, ಕೆಲವೊಮ್ಮೆ ಬಾಡಿಗೆ ಸೈಕಲ್ ಮೇಲೆ ಬರುತ್ತದೆ!

1960ರ ರೋಮ್ ಒಲಿಂಪಿಕ್ಸಿನಲ್ಲಿ ಈ ಮೂವರೂ ಇದ್ದರು. ಹಂಗೆರಿಯ ಎದುರು 1-2, ಫ್ರಾನ್ಸ್ ಎದುರು 1-1, ಪೆರುವಿನ ಎದುರು 1-3. ಆ ತಂಡದಲ್ಲಿ ಸೈಯದ್ ಶಾಹಿದ್ ಹಕೀಮ್ ಎಂಬ ಯುವಕನೂ ಇದ್ದ. ತರಬೇತುದಾರರ ಸ್ವಂತ ಮಗ. ಮೂರು ಪಂದ್ಯಗಳಲ್ಲಿ ಒಂದರಲ್ಲೂ ಅವನನ್ನು ತಂದೆ ಆಡಿಸಲಿಲ್ಲ.

ಈಗ 1962ರ ಜಕಾರ್ತಾ. ರಹೀಮರು ತಾರೆಯರನ್ನು ನಂಬಿದರೇ ಇಲ್ಲವೇ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಇಲ್ಲಿಯೇ. ಭಾರತ ಆಡಿದ್ದು ಐದು ಪಂದ್ಯ. ಮೊದಲನೆಯದರಲ್ಲಿ ದಕ್ಷಿಣ ಕೊರಿಯಾದ ಎದುರು 0-2ರ ಸೋಲು. ಆಮೇಲೆ ಥಾಯ್ಲೆಂಡ್ ಎದುರು 4-1, ಜಪಾನ್ ಎದುರು 2-0, ಸೆಮಿಫೈನಲಿನಲ್ಲಿ ದಕ್ಷಿಣ ವಿಯೆಟ್ನಾಂ ಎದುರು 3-2, ಸೆಪ್ಟೆಂಬರ್ 4ರ ಫೈನಲಿನಲ್ಲಿ ಮತ್ತೆ ಕೊರಿಯಾದ ಎದುರು 2-1. ಒಟ್ಟು ಹನ್ನೊಂದು ಗೋಲು. ಪಿ.ಕೆ. ನಾಲ್ಕು, ಚುನಿ ಮೂರು, ಬಲರಾಮ್ ಎರಡು. ಹನ್ನೊಂದರಲ್ಲಿ ಒಂಬತ್ತು ಮೂವರ ಕಾಲಿನಿಂದಲೇ ಬಂದವು. ರಹೀಮ್ ಸಾಹೇಬರು ತಾರೆಯರ ಮೇಲೆ ನಿಂತವರಲ್ಲ ಎಂದು ವಾದಿಸುವವರಿಗೆ ಈ ಲೆಕ್ಕ ಅಡ್ಡ ಬರುತ್ತದೆ. ನಮ್ಮ ದೃಷ್ಟಿಯಲ್ಲಿ ಅವರು ನಿಂತರು, ಧೈರ್ಯವಾಗಿಯೇ ನಿಂತರು. ಬಲರಾಮರಂಥವನು ಕೈಯಲ್ಲಿದ್ದಾಗ ಚೆಂಡನ್ನು ಅವನಿಗೆ ಕೊಡದೆ ಸಮಾನತೆಯ ಪಾಠ ಹೇಳುವವನು ಮೂರ್ಖ.

ಆದರೆ ಉಳಿದ ಎರಡು ಗೋಲುಗಳ ಕಥೆ ಬೇರೆ. ಅವೆರಡೂ ಜರ್ನೈಲ್ ಸಿಂಗರವು. ಜರ್ನೈಲ್ ಗೋಲು ಹೊಡೆಯುವ ಆಟಗಾರರೇ ಅಲ್ಲ, ಏಷ್ಯಾದಲ್ಲೇ ಹೆಸರಾದ ರಕ್ಷಣಾ ಗೋಡೆ. ಥಾಯ್ಲೆಂಡ್ ಎದುರಿನ ಪಂದ್ಯದಲ್ಲಿ ಅವರ ತಲೆ ಒಡೆದು ಆರು ಹೊಲಿಗೆ ಬಿದ್ದವು. ತಲೆಗೆ ಪಟ್ಟಿ ಸುತ್ತಿಕೊಂಡವನನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿದರೆ ಬರುವ ಪ್ರತಿ ಎತ್ತರದ ಚೆಂಡಿಗೂ ತಲೆ ಕೊಡಬೇಕಾಗುತ್ತದೆ. ಮನೆಗೆ ಕಳಿಸಿದರೆ ತಂಡದ ಎದೆಗಾರಿಕೆಯೇ ಹೋಗುತ್ತದೆ. ಮಾಸ್ತರರು ಮೂರನೆಯ ದಾರಿ ಹಿಡಿದರು. ಅರುಣ್ ಘೋಷರನ್ನು ರಕ್ಷಣೆಯ ನಡುವಿಗೆ ತಂದು, ಜರ್ನೈಲರನ್ನು ಎತ್ತಿ ಸೆಂಟರ್ ಫಾರ್ವರ್ಡ್ ಮಾಡಿದರು. ಸೆಮಿಫೈನಲಿನಲ್ಲಿ ಜರ್ನೈಲ್ ಒಂದು ಗೋಲು ಹೊಡೆದರು. ಫೈನಲಿನಲ್ಲಿ 17ನೆಯ ನಿಮಿಷಕ್ಕೆ ಪಿ.ಕೆ. ಗೋಲು ಹೊಡೆದ ಮೂರೇ ನಿಮಿಷಕ್ಕೆ ಮತ್ತೊಂದು. ಆ ಫೈನಲಿಗೆ ಗೋಲ್‌ಕೀಪರನನ್ನೂ ಬದಲಿಸಿದರು. ಅಲ್ಲಿಯವರೆಗೆ ಚೆನ್ನಾಗಿಯೇ ಆಡಿದ್ದ ಪ್ರದ್ಯುತ್ ಬರ್ಮನರನ್ನು ಕೂರಿಸಿ, ಜ್ವರದಿಂದ ಎದ್ದಿದ್ದ ಎತ್ತರದ ಪೀಟರ್ ತಂಗರಾಜರನ್ನು ಇಳಿಸಿದರು. ಗೆದ್ದ ತಂಡವನ್ನು ಫೈನಲಿನಲ್ಲಿ ಮುಟ್ಟಬಾರದೆಂಬ ಮಾತಿದೆ. ಮಾಸ್ತರರು ಮುಟ್ಟಿದರು.

ಅಂದು ಜಕಾರ್ತಾದ ಗಾಳಿಯೇ ಭಾರತದ ವಿರುದ್ಧವಿತ್ತು. ಇಸ್ರೇಲ್ ಮತ್ತು ತೈವಾನಿನ ಕ್ರೀಡಾಪಟುಗಳಿಗೆ ಇಂಡೋನೇಷ್ಯಾ ವೀಸಾ ಕೊಡದಿದ್ದುದನ್ನು ಭಾರತದ ಜಿ.ಡಿ. ಸೋಂಧಿ ಬಹಿರಂಗವಾಗಿ ಟೀಕಿಸಿ, ಕೂಟಕ್ಕೆ ಏಷ್ಯನ್ ಎಂಬ ಹೆಸರೇ ಇರಕೂಡದು ಎಂದಿದ್ದರು. ಊರು ಸಿಟ್ಟಿಗೆದ್ದಿತು. ಭಾರತದ ರಾಯಭಾರ ಕಚೇರಿಯ ಮೇಲೆ ದಾಳಿಯಾಯಿತು. ಲಕ್ಷದಷ್ಟು ಜನ ತುಂಬಿದ ಕ್ರೀಡಾಂಗಣದಲ್ಲಿ ನಮ್ಮ ತಂಡಕ್ಕೆ ಕೇಳಿಸಿದ್ದು ಬರೀ ಕೂಗಾಟ, ಶಾಪ. ಅಷ್ಟು ಜನರ ನಡುವೆ ಭಾರತದ ಪರ ಕೂಗಿದ ಒಂದು ಸಣ್ಣ ಗುಂಪು ಪಾಕಿಸ್ತಾನದ ಹಾಕಿ ಆಟಗಾರರದು ಎಂದು ನಮ್ಮ ಆಟಗಾರರೇ ಮುಂದೆ ನೆನಪಿಸಿಕೊಂಡಿದ್ದಾರೆ. ಅದೇ ಪಾಕಿಸ್ತಾನ ಹಾಕಿ ಫೈನಲಿನಲ್ಲಿ ಭಾರತವನ್ನು ಸೋಲಿಸಿತ್ತು.

ರಹೀಮರ ಶ್ವಾಸಕೋಶವನ್ನು ಆಗಲೇ ಕ್ಯಾನ್ಸರ್ ಹಿಡಿದಿತ್ತು. ಫೈನಲಿನ ಹಿಂದಿನ ರಾತ್ರಿ ಅವರು ಹುಡುಗರನ್ನು ಕೂರಿಸಿಕೊಂಡು ತಮಗೊಂದು ಕಾಣಿಕೆ ಬೇಕೆಂದು ಉರ್ದುವಿನಲ್ಲಿ ಕೇಳಿದರಂತೆ. ಆ ಕಾಣಿಕೆ ಮರುದಿನ ಸಿಕ್ಕಿತು. ಬೆಂಗಳೂರಿನ ಅರುಮೈನಾಯಗಂ ಆ ಚಿನ್ನದ ತಂಡದ ಒಬ್ಬ ಸದಸ್ಯರು. ಒಂಬತ್ತು ತಿಂಗಳು ಕಳೆದು, 1963ರ ಜೂನ್ 11ರಂದು ರಹೀಮರು ಹೈದರಾಬಾದಿನಲ್ಲಿ ತೀರಿಕೊಂಡರು. ವಯಸ್ಸು 53.

ಆಮೇಲಿನದು ಇಳಿಜಾರು. 1964ರಲ್ಲಿ ಏಷ್ಯಾ ಕಪ್ಪಿನಲ್ಲಿ ಎರಡನೆಯ ಸ್ಥಾನ ಸಿಕ್ಕಿತಾದರೂ ಅದೇ ವರ್ಷದ ಟೋಕಿಯೊ ಒಲಿಂಪಿಕ್ಸಿಗೆ ಭಾರತ ಅರ್ಹತೆ ಗಳಿಸಲಿಲ್ಲ. ಅಂದಿನಿಂದ ಇಂದಿನವರೆಗೂ ಗಳಿಸಿಲ್ಲ. 1970ರಲ್ಲಿ ಬ್ಯಾಂಕಾಕಿನ ಏಷ್ಯನ್ ಕೂಟದಲ್ಲಿ ಕಂಚು ಬಂತು. ಅದರ ನಾಯಕ ಹೈದರಾಬಾದಿನ ಸೈಯದ್ ನಯೀಮುದ್ದೀನ್, ತರಬೇತುದಾರರಲ್ಲಿ ಒಬ್ಬರು ಪಿ.ಕೆ. ಬ್ಯಾನರ್ಜಿ. ಅಂದರೆ ಅದೂ ಮಾಸ್ತರರ ಉಳಿಕೆಯೇ. ಅದಾದ ಮೇಲೆ ಏಷ್ಯನ್ ಕೂಟದ ಪುರುಷರ ಫುಟ್‌ಬಾಲಿನಲ್ಲಿ ನಮಗೆ ಪದಕವಿಲ್ಲ.

ಇದಕ್ಕೆ ಕಾರಣ ಹೇಳುವವರಲ್ಲಿ ಎರಡು ಪಂಗಡ. ತಾರೆಯರು ಮುಗಿದರು, ಅದಕ್ಕೆ ಆಟವೂ ಮುಗಿಯಿತು ಎನ್ನುವವರು ಒಂದು. ಅನಾರೋಗ್ಯದಿಂದ ಬಲರಾಮ್ 27ನೆಯ ವಯಸ್ಸಿಗೇ ನಿವೃತ್ತರಾದರು, ಚುನಿ ಕೂಡ 1964ರಲ್ಲಿ ಅಂತರರಾಷ್ಟ್ರೀಯ ಆಟ ಬಿಟ್ಟು ಕ್ರಿಕೆಟ್ಟಿನ ಕಡೆ ವಾಲಿದರು ಎಂಬುದು ನಿಜವೇ. ಮಾಸ್ತರರು ಹೋದರು, ಅದಕ್ಕೆ ಮುಗಿಯಿತು ಎನ್ನುವವರು ಇನ್ನೊಂದು. ನಮಗೆ ಈ ಎರಡೂ ಒಂದೇ ಮಾತಿನಂತೆ ಕೇಳುತ್ತವೆ. ತಂಡ ಮೂವರ ಮೇಲೆ ನಿಂತಿತ್ತು ಎನ್ನುವುದಾದರೆ, ದೇಶದ ಫುಟ್‌ಬಾಲ್ ಆಡಳಿತ ಒಬ್ಬರ ಮೇಲೆ ನಿಂತಿತ್ತು. ತಾರೆಯ ಮೇಲೆ ಎಷ್ಟು ಭಾರ ಹಾಕಬೇಕೆಂಬುದು ರಹೀಮರಿಗೆ ಗೊತ್ತಿತ್ತು, ರಹೀಮರ ಮೇಲೆ ಎಷ್ಟು ಹಾಕಬೇಕೆಂಬುದು ಆಡಳಿತಕ್ಕೆ ಗೊತ್ತಿರಲಿಲ್ಲ. ಎಡಗಾಲಿನ ಪಂದ್ಯಾವಳಿಯನ್ನು ಇಡೀ ದೇಶದ ಶಾಲೆಗಳಿಗೆ ಹಂಚಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಅದಕ್ಕೆ ಬೇಕಾಗಿದ್ದದ್ದು ಒಂದು ಚೆಂಡು, ಒಂದು ಸುತ್ತೋಲೆ.

ಕಿತ್ತೂರ ಸೀಮೆಯಲ್ಲಿ ಕುಳಿತು ಇದನ್ನು ಬರೆಯುವಾಗ ನಮ್ಮದೇ ಚರಿತ್ರೆ ಎದುರು ಬಂದು ನಿಲ್ಲುತ್ತದೆ. 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಸತ್ತದ್ದು ಅಮಟೂರ ಬಾಳಪ್ಪನ ಗುಂಡಿಗೆ. ಲಾವಣಿಗಳಿಗೆ ಆ ಒಂದು ಗುಂಡು ಸಾಕು. ಡಿಸೆಂಬರಿನಲ್ಲಿ ಕುಂಪಣಿಯ ದೊಡ್ಡ ಫೌಜು ಬಂದು ಕೋಟೆ ಬಿದ್ದಾಗ ಆ ಗುರಿಕಾರನ ಗುರಿಯಿಂದ ಏನೂ ಉಳಿಯಲಿಲ್ಲ. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಅವಳ ಸಮಾಧಿ ನಮ್ಮೂರಲ್ಲೇ ಇದೆ. ಸಂಗೊಳ್ಳಿ ರಾಯಣ್ಣ ಕಲಿತ ಪಾಠ ಬೇರೆ. ಕೋಟೆ ಕಟ್ಟಿಕೊಂಡು ಕಾಯಲಿಲ್ಲ, ಸಣ್ಣ ಸಣ್ಣ ಗುಂಪು ಮಾಡಿದ, ಕಾಡನ್ನೂ ರಾತ್ರಿಯನ್ನೂ ಬಳಸಿದ, ಕುಂಪಣಿಯ ಕಚೇರಿಗಳನ್ನು ಸುಟ್ಟ. ಅವನ ಗುಂಪಿನಲ್ಲಿ ಕುರುಬರಿದ್ದರು, ಬೇಡರಿದ್ದರು, ಗಜವೀರನೆಂಬ ಸಿದ್ದಿಯಿದ್ದ. ಆದರೂ 1830ರಲ್ಲಿ ಅವನೊಬ್ಬ ಸಿಕ್ಕಿಬಿದ್ದ ಕೂಡಲೆ ಬಂಡಾಯದ ಬೆನ್ನು ಮುರಿಯಿತು. 1831ರ ಜನವರಿಯಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಯುದ್ಧ ಬೇರೆ, ಆಟ ಬೇರೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಉದ್ದೇಶ ನಮಗಿಲ್ಲ. ಆದರೆ ಪ್ರತಿ ಅಕ್ಟೋಬರಿನ ಕಿತ್ತೂರು ಉತ್ಸವದಲ್ಲಿ ನಾವು ಮೆರೆಸುವ ಹೆಸರುಗಳ ಪಟ್ಟಿ ಎಷ್ಟು ಚಿಕ್ಕದು ಎಂಬುದನ್ನು ನೋಡಿದಾಗ, ಗಜವೀರನ ಹೆಸರು ಎಷ್ಟು ಮಕ್ಕಳಿಗೆ ಗೊತ್ತು ಎಂದು ಕೇಳಬೇಕೆನಿಸುತ್ತದೆ.

ಅಹಮದ್ ಖಾನ್ 2017ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. 2020ರ ಮಾರ್ಚಿನಲ್ಲಿ ಪಿ.ಕೆ., ಏಪ್ರಿಲಿನಲ್ಲಿ ಚುನಿ, 2023ರ ಫೆಬ್ರವರಿಯಲ್ಲಿ ಬಲರಾಮ್ ಹೋದರು. ಅದೇ ವರ್ಷದ ಮಾರ್ಚಿನಲ್ಲಿ ಕರ್ನಾಟಕ ತಂಡ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ರೋಮ್‌ನಲ್ಲಿ ಬೆಂಚಿನ ಮೇಲೇ ಉಳಿದ ಹಕೀಮ್ ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆದರು, ಅಂತರರಾಷ್ಟ್ರೀಯ ರೆಫರಿಯಾದರು, 1982ರ ದಿಲ್ಲಿ ಏಷ್ಯನ್ ಕೂಟದಲ್ಲಿ ಪಿ.ಕೆ.ಯವರಿಗೆ ಸಹಾಯಕ ತರಬೇತುದಾರರಾದರು. 2017ರಲ್ಲಿ ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಬಂತು. ಹೈದರಾಬಾದಿನ ಆ ಮಾಸ್ತರರ ಮಗ ಕಣ್ಣು ಮುಚ್ಚಿದ್ದು ನಮ್ಮದೇ ರಾಜ್ಯದ ಕಲಬುರಗಿಯಲ್ಲಿ, 2021ರ ಆಗಸ್ಟ್ 22ರಂದು.